ರಾಯಚೂರಿನ ಮಕ್ಕಳಿಗೂ ನಿಧಾನದ ಚೆಸ್ ಬೇಕು

ನಮ್ಮ ರಾಯಚೂರು ಜಿಲ್ಲೆಯಲ್ಲಿ ಚೆಸ್ ಆಡುವ ಮಕ್ಕಳಿಗೆ ಕೊರತೆಯಿಲ್ಲ. ಒಂದೇ ಪಂದ್ಯಕ್ಕೆ ಮೂರು ನಾಲ್ಕು ತಾಸು ಕೂತು ಆಡುವ ಅವಕಾಶಕ್ಕೆ ಮಾತ್ರ ಕೊರತೆಯಿದೆ. 2022ರ ಆಗಸ್ಟ್‌ನಲ್ಲಿ ಚೆನ್ನೈ ಬಳಿಯ ಮಾಮಲ್ಲಪುರಂನಲ್ಲಿ ನಡೆದ 44ನೆಯ ಚೆಸ್ ಒಲಿಂಪಿಯಾಡ್ ನೋಡಿ ಬಂದಾಗಿನಿಂದ ಈ ಮಾತನ್ನು ಸಿಕ್ಕಸಿಕ್ಕವರ ಮುಂದೆ ಹೇಳುತ್ತಲೇ ಇದ್ದೇನೆ. ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮಲ್ಲೂ ಮಕ್ಕಳನ್ನು ಚೆಸ್ ತರಗತಿಗೆ ಸೇರಿಸುವ ಉತ್ಸಾಹ ಏರಿರುವುದರಿಂದ, ಬರೆದು ಹೇಳುವುದಕ್ಕೆ ಇದು ಸರಿಯಾದ ಹೊತ್ತು ಎನಿಸಿತು.

ಆ ಒಲಿಂಪಿಯಾಡ್ ನಡೆಯಬೇಕಾಗಿದ್ದದ್ದು ರಷ್ಯಾದಲ್ಲಿ. ಉಕ್ರೇನ್ ಮೇಲಿನ ಯುದ್ಧದ ಕಾರಣಕ್ಕೆ ಆತಿಥ್ಯ ಅಲ್ಲಿಂದ ತಪ್ಪಿ, ಸಿದ್ಧತೆಗೆ ಕೆಲವೇ ತಿಂಗಳು ಉಳಿದಿರುವಾಗ ತಮಿಳುನಾಡಿನ ಪಾಲಿಗೆ ಬಂತು. ಭಾರತದಲ್ಲಿ ಒಲಿಂಪಿಯಾಡ್ ನಡೆದದ್ದು ಅದೇ ಮೊದಲು. ಪಂಚೆ ಉಟ್ಟ ಕುದುರೆಯ ಲಾಂಛನ ‘ತಂಬಿ’, ಕಪ್ಪುಬಿಳುಪು ಚೌಕಗಳಾಗಿ ಬಣ್ಣ ಬಳಿಸಿಕೊಂಡ ನೇಪಿಯರ್ ಸೇತುವೆ, ಇವನ್ನೆಲ್ಲ ನೀವೂ ಟಿವಿಯಲ್ಲಿ ನೋಡಿರುತ್ತೀರಿ. ನಮ್ಮೂರು ಮುಂಬೈ–ಚೆನ್ನೈ ರೈಲು ಮಾರ್ಗದ ಮೇಲೆಯೇ ಇರುವುದರಿಂದ ಹೋಗಿಬರುವುದು ನಮಗೆ ದೊಡ್ಡ ಸಾಹಸವೇನಲ್ಲ. ರಾಯಚೂರಿನಲ್ಲಿ ಹತ್ತಿ, ಗುಂತಕಲ್, ರೇಣಿಗುಂಟ ದಾಟಿ ಚೆನ್ನೈಯಲ್ಲಿ ಇಳಿದರೆ ಮುಂದೆ ಸಮುದ್ರದ ಪಕ್ಕದ ರಸ್ತೆಯಲ್ಲಿ ಬಸ್ಸು ಸಿಗುತ್ತದೆ. ಚೆಸ್ ಕಲಿಯುತ್ತಿದ್ದ ಅಣ್ಣನ ಮಗಳನ್ನು ಕರೆದುಕೊಂಡು ಹತ್ತನೆಯ ಸುತ್ತಿನ ಹೊತ್ತಿಗೆ ಅಲ್ಲಿದ್ದೆ.

ಒಲಿಂಪಿಯಾಡ್ ಎಂದರೆ ತಂಡಗಳ ಚೆಸ್. ತಂಡಕ್ಕೆ ಐವರು, ಅವರಲ್ಲಿ ನಾಲ್ವರು ಆ ದಿನದ ನಾಲ್ಕು ಮಣೆಗಳಿಗೆ ಕೂರುತ್ತಾರೆ, ಒಬ್ಬರಿಗೆ ಬಿಡುವು. ಆಟಗಾರರಿಗೆ ಮೊದಲ 40 ನಡೆಗಳಿಗೆ 90 ನಿಮಿಷ, ಅನಂತರ ಉಳಿದ ಆಟಕ್ಕೆ 30 ನಿಮಿಷ, ಅದರ ಜೊತೆಗೆ ಮೊದಲ ನಡೆಯಿಂದಲೇ ಪ್ರತಿ ನಡೆಗೆ 30 ಸೆಕೆಂಡಿನ ಸೇರ್ಪಡೆ ಇತ್ತು. ಆದ್ದರಿಂದ ಮಧ್ಯಾಹ್ನ ಮೂರಕ್ಕೆ ಶುರುವಾದ ಪಂದ್ಯ ದೀಪ ಹಚ್ಚುವ ಹೊತ್ತನ್ನು ದಾಟಿ ನಡೆಯುವುದು ಅಲ್ಲಿ ಸಾಮಾನ್ಯ. ಊರಿನಲ್ಲಿ ಹದಿನೈದು ನಿಮಿಷದ ಗಡಿಯಾರಕ್ಕೆ ಒಗ್ಗಿಹೋಗಿದ್ದ ನಮ್ಮ ಹುಡುಗಿ ಮೊದಲ ಒಂದು ತಾಸು ಚಡಪಡಿಸಿದಳು. “ಕಾಕಾ, ಅರ್ಧಾ ತಾಸಾತು, ಅವ್ರು ಕಾಯಿ ಮುಟ್ಟವಲ್ರು” ಎಂದು ಕಿವಿಯಲ್ಲಿ ಪಿಸುಗುಟ್ಟಿದ್ದಕ್ಕೆ ಪಕ್ಕದಲ್ಲಿದ್ದ ಸ್ವಯಂಸೇವಕರು ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

ಆಮೇಲೆ ಅವಳೇ ಬೇರೆ ರೀತಿಯಲ್ಲಿ ನೋಡತೊಡಗಿದಳು. ಹಗ್ಗದ ಈಚೆ ನಮಗೆ ಹತ್ತಿರವಿದ್ದ ಸಾಲಿನಲ್ಲಿ ಯಾವುದೋ ಸಣ್ಣ ದೇಶದ ಆಟಗಾರ್ತಿಯೊಬ್ಬರು ಸೋಲುವ ಸ್ಥಿತಿಯಲ್ಲಿದ್ದರು. ಪ್ರತಿ ನಡೆಯಾದ ಮೇಲೂ ಗಡಿಯಾರ ಒತ್ತಿ, ಪೆನ್ನೆತ್ತಿ, ನಡೆಯನ್ನು ಹಾಳೆಯಲ್ಲಿ ಬರೆದು, ಆಮೇಲೆಯೇ ಮಣೆಯ ಕಡೆ ಕಣ್ಣು ಹಾಯಿಸುತ್ತಿದ್ದರು. ಕೊನೆಗೆ ಸೋಲೊಪ್ಪಿ ಕೈ ಕುಲುಕಿ, ಇಬ್ಬರೂ ಒಬ್ಬರ ಹಾಳೆಗೆ ಇನ್ನೊಬ್ಬರು ಸಹಿ ಹಾಕಿ, ರಾಜರಿಬ್ಬರನ್ನೂ ಎತ್ತಿ ಮಣೆಯ ನಡುಮಧ್ಯದ ಬಿಳಿಯ ಚೌಕಗಳಲ್ಲಿ ಇಟ್ಟು ಎದ್ದರು. ಎಲೆಕ್ಟ್ರಾನಿಕ್ ಮಣೆಗೆ ಫಲಿತಾಂಶ ತಿಳಿಸುವ ಕ್ರಮ ಅದು: ಬಿಳಿ ಗೆದ್ದರೆ ರಾಜರು ನಡುವಿನ ಬಿಳಿ ಚೌಕಗಳಲ್ಲಿ, ಕಪ್ಪು ಗೆದ್ದರೆ ಕಪ್ಪು ಚೌಕಗಳಲ್ಲಿ, ಡ್ರಾ ಆದರೆ ಒಂದೊಂದರಲ್ಲಿ. “ಕಾಕಾ, ಸಹಿ ಮಾಡೂ ಮುಂದ ಅವ್ರ ಕೈ ನಡಗಾಕತ್ತಿತ್ತು” ಎಂದು ಅವಳು ಹೊರಗೆ ಬಂದ ಮೇಲೆ ಹೇಳಿದಳು. ನಾನು ಅದನ್ನು ಗಮನಿಸಿರಲಿಲ್ಲ. ತುಂಬು ಗರ್ಭಿಣಿಯಾಗಿದ್ದ ಹಾರಿಕಾ ದ್ರೋಣವಲ್ಲಿ ಭಾರತದ ಮಹಿಳಾ ತಂಡದಲ್ಲಿ ಆಡಿ ಕಂಚಿನ ಪದಕದಲ್ಲಿ ಪಾಲು ಪಡೆದದ್ದೂ ಇದೇ ಕೂಟದಲ್ಲಿ. ಕೂತಲ್ಲೇ ಆಡುವ ಆಟಕ್ಕೆ ಮೈಬಲ ಏಕೆ ಎಂದು ಕೇಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಅಂದು ಎಲ್ಲರ ಕಣ್ಣು ಇದ್ದದ್ದು ಭಾರತದ ‘ಬಿ’ ತಂಡ ಮತ್ತು ಉಜ್ಬೇಕಿಸ್ತಾನದ ಪಂದ್ಯದ ಮೇಲೆ. ಹದಿನಾರರ ಗುಕೇಶ್ ಮೊದಲ ಎಂಟೂ ಸುತ್ತುಗಳನ್ನು ಗೆದ್ದು, ಎಂಟನೆಯದರಲ್ಲಿ ಅಮೆರಿಕದ ಫ್ಯಾಬಿಯಾನೊ ಕರುವಾನ ಅವರನ್ನೇ ಸೋಲಿಸಿ ಬಂದಿದ್ದ. ಮೊದಲನೆಯ ಮಣೆಯಲ್ಲಿ ನೋದಿರ್ಬೆಕ್ ಅಬ್ದುಸತ್ತೊರೊವ್ ವಿರುದ್ಧ ಗೆಲ್ಲುವ ಸ್ಥಿತಿಯನ್ನೂ ತಲುಪಿದ್ದ. ಡ್ರಾ ಆಗಿ ಮುಗಿಯಲು ಬಿಡದೆ ಗೆಲುವಿಗಾಗಿ ಎಳೆಯುತ್ತ ಹೋಗಿ, ಗಡಿಯಾರದಲ್ಲಿ ಸಮಯ ಕರಗಿದ ಹೊತ್ತಿನಲ್ಲಿ ಕುದುರೆಯನ್ನು ಕಳೆದುಕೊಂಡು ಸೋತ. ನಾವು ಆ ಹೊತ್ತಿಗೆ ಸಭಾಂಗಣದಿಂದ ಹೊರಬಿದ್ದು ಬಸ್ಸಿನಲ್ಲಿ ಮೊಬೈಲ್ ಹಿಡಿದು ಕೂತಿದ್ದೆವು. ಪ್ರಜ್ಞಾನಂದ ಗೆದ್ದು ಪಂದ್ಯವನ್ನು 2–2ಕ್ಕೆ ತಂದರೂ ಚಿನ್ನ ಕೈತಪ್ಪಿತು. ಉಜ್ಬೇಕಿಸ್ತಾನಕ್ಕೆ ಚಿನ್ನ, ಅರ್ಮೇನಿಯಾಕ್ಕೆ ಬೆಳ್ಳಿ, ನಮ್ಮ ಹುಡುಗರಿಗೆ ಕಂಚು. ಮಹಿಳೆಯರ ಚಿನ್ನ ಉಕ್ರೇನಿಗೆ ಹೋಯಿತು.

ಸೋತವರನ್ನು ಹೊಗಳುವುದು ನನ್ನ ಉದ್ದೇಶವಲ್ಲ, ಆದರೆ ಮುಂದಿನದನ್ನು ನೋಡಿ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ, ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೆಯ ಮತ್ತು ಕೊನೆಯ ಪಂದ್ಯದಲ್ಲಿ, ಡ್ರಾ ಎಂದು ಎಲ್ಲರೂ ಎಣಿಸಿದ್ದ ಅಂತ್ಯದಾಟದಲ್ಲಿ ಇದೇ ಗುಕೇಶ್ ಒಂದೇ ಒಂದು ಹೆಚ್ಚುವರಿ ಕಾಲಾಳನ್ನು ಇಟ್ಟುಕೊಂಡು ಆಟವನ್ನು ಎಳೆಯುತ್ತಲೇ ಇದ್ದ. 55ನೆಯ ನಡೆಯಲ್ಲಿ ಎದುರಾಳಿ, ಅಲ್ಲಿಯವರೆಗಿನ ವಿಶ್ವ ಚಾಂಪಿಯನ್ ಚೀನಾದ ಡಿಂಗ್ ಲಿರೆನ್ ಆನೆಯನ್ನು ತಪ್ಪು ಮನೆಗೆ ಇಟ್ಟರು. ಪಟ್ಟ ಹದಿನೆಂಟರ ಹುಡುಗನಿಗೆ ಬಂತು. ಮಾಮಲ್ಲಪುರಂನಲ್ಲಿ ಅವನನ್ನು ಕೆಡವಿದ ಹಟವೇ ಸಿಂಗಪುರದಲ್ಲಿ ಗೆಲ್ಲಿಸಿತು ಎನ್ನುವುದು ನನ್ನ ಓದು. ಆ ಹಟವನ್ನು ಹದಿನೈದು ನಿಮಿಷದ ಆಟದಲ್ಲಿ ಯಾರೂ ಕಲಿಯಲಾರರು, ಏಕೆಂದರೆ ಅಲ್ಲಿ ಅಂತ್ಯದಾಟ ಬರುವಷ್ಟರಲ್ಲಿ ಗಡಿಯಾರವೇ ತೀರ್ಪು ಕೊಟ್ಟಿರುತ್ತದೆ.

ಈಗ ನಮ್ಮ ಕಡೆಗೆ ಬನ್ನಿ. ರಾಯಚೂರು, ಕೊಪ್ಪಳ, ಬಳ್ಳಾರಿಗಳಲ್ಲಿ ನಾನು ಮಕ್ಕಳೊಂದಿಗೆ ಹೋಗಿ ನೋಡಿದ ಪಂದ್ಯಾವಳಿಗಳೆಲ್ಲ ಕಡಿಮೆ ಸಮಯದ ವೇಗದ ಆಟ, ಅಂದರೆ ಒಂದೇ ದಿನದ ರ್‍ಯಾಪಿಡ್. ಭಾನುವಾರ ಬೆಳಿಗ್ಗೆ ಕಲ್ಯಾಣ ಮಂಟಪದಲ್ಲಿ ಶುರು, ಸಂಜೆಗೆ ಟ್ರೋಫಿ ಹಂಚಿ ಮುಗಿಸಬೇಕು. ಒಂದು ಕಡೆ (ಊರು, ಸಂಘಟಕರ ಹೆಸರು ಬೇಡ) ಮುಖ್ಯ ಅತಿಥಿಗಳು ಬರುವುದು ತಡವಾಯಿತೆಂದು ಮಕ್ಕಳನ್ನು ಜೋಡಿಸಿದ ಕಾಯಿಗಳ ಮುಂದೆ ಸುಮ್ಮನೆ ಕೂರಿಸಿ, ಹೋದ ಸಮಯ ಹೊಂದಿಸಲು ಕೊನೆಗೆ ಒಂದು ಸುತ್ತನ್ನೇ ಕೈಬಿಟ್ಟರು. ಹಾರ, ಶಾಲುಗಳಿಗೆ ಸಮಯವಿತ್ತು, ಆಟಕ್ಕಿರಲಿಲ್ಲ. ರ್‍ಯಾಪಿಡ್ ನಿಯಮದಲ್ಲಿ ನಡೆ ಬರೆಯುವುದು ಕಡ್ಡಾಯವಲ್ಲವಾದ್ದರಿಂದ ನಮ್ಮ ಮಕ್ಕಳ ಕೈಗೆ ಹಾಳೆಯೇ ಬರುವುದಿಲ್ಲ. ಹಾಳೆ ಇಲ್ಲವೆಂದ ಮೇಲೆ ಎಲ್ಲಿ ತಪ್ಪಿದೆ ಎಂದು ಮನೆಗೆ ಬಂದು ನೋಡುವುದು ಹೇಗೆ? ಮಗು “ಸೋತೆ” ಎನ್ನುತ್ತದೆ, ತಂದೆತಾಯಿ “ಇರಲಿ ಬಿಡು” ಎನ್ನುತ್ತಾರೆ, ಮುಂದಿನ ಭಾನುವಾರ ಅದೇ ತಪ್ಪು.

ಗ್ರ್ಯಾಂಡ್‌ಮಾಸ್ಟರ್ ಪಟ್ಟದ ದಾರಿಯೂ ಕ್ಲಾಸಿಕಲ್, ಅಂದರೆ ನಿಧಾನದ, ಆಟದ್ದೇ. ಅದಕ್ಕೆ ಬೇಕಾದ 2500ರ ರೇಟಿಂಗ್ (ಆಟದ ಬಲ ಅಳೆಯುವ ಅಂಕ) ಆಗಲಿ, ಪಂದ್ಯಾವಳಿಯಲ್ಲಿ ನಿಗದಿತ ಮಟ್ಟದ ಸಾಧನೆಗೆ ಸಿಗುವ ಮೂರು ನಾರ್ಮ್‌ಗಳಾಗಲಿ ರ್‍ಯಾಪಿಡ್ ಆಡಿ ಸಿಗುವುದಿಲ್ಲ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್ ಅವರಿಂದ. ನಮ್ಮ ಮಕ್ಕಳು ನಿಧಾನದ ಆಟ ಆಡಬೇಕೆಂದರೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕು, ದಿನಗಟ್ಟಲೆ ಲಾಡ್ಜ್ ಬಾಡಿಗೆ ಕಟ್ಟಬೇಕು. ಕೂಲಿ ಮಾಡುವವರ, ಸಣ್ಣ ಅಂಗಡಿ ನಡೆಸುವವರ ಮಕ್ಕಳು ಹಾಗಾಗಿ ಮೊದಲೇ ಹೊರಗುಳಿಯುತ್ತಾರೆ.

ಸಂಘಟಕರ ಕಷ್ಟ ನನಗೆ ತಿಳಿಯದ್ದೇನಲ್ಲ. ಮಂಟಪದ ಬಾಡಿಗೆ, ನಿರ್ಣಾಯಕರ ಗೌರವಧನ, ಬಹುಮಾನದ ಹಣ ಎಲ್ಲವೂ ಪ್ರವೇಶ ಶುಲ್ಕದಿಂದಲೇ ಹುಟ್ಟಬೇಕು. ಒಂದೇ ದಿನದಲ್ಲಿ ಮುಗಿದರೆ ಮಾತ್ರ ಲೆಕ್ಕ ಕೂಡುತ್ತದೆ. ರ್‍ಯಾಪಿಡ್‌ನಿಂದ ನೂರಾರು ಮಕ್ಕಳು ಮಣೆಯ ಮುಂದೆ ಕೂತರು ಎನ್ನುವುದೂ ನಿಜ. ಅದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ.

ನಾನು ಕೇಳುತ್ತಿರುವುದು ವಾರಕ್ಕೊಂದೇ ಪಂದ್ಯ. ಒಲಿಂಪಿಯಾಡಿನ ಮಾದರಿಯಲ್ಲೇ ಸಿಂಧನೂರು, ಮಾನ್ವಿ, ಲಿಂಗಸುಗೂರು, ದೇವದುರ್ಗ, ಮಸ್ಕಿ, ರಾಯಚೂರಿನಿಂದ ನಾಲ್ಕು ನಾಲ್ಕು ಮಕ್ಕಳ ತಂಡ, ಜೊತೆಗೆ ಒಬ್ಬ ಬದಲಿ ಆಟಗಾರ. ಒಬ್ಬೊಬ್ಬರಿಗೆ 60 ನಿಮಿಷ, ನಡೆಗೆ 30 ಸೆಕೆಂಡಿನ ಸೇರ್ಪಡೆ. ಅರವತ್ತು ನಡೆ ಆಡಿದರೂ ಮೂರು ತಾಸಿನಲ್ಲಿ ಮುಗಿಯುತ್ತದೆ. ಬೆಳಿಗ್ಗೆ ಬಸ್ಸಿಗೆ ಬಂದ ಮಕ್ಕಳು ಕತ್ತಲಾಗುವ ಮೊದಲೇ ಮನೆ ಸೇರುತ್ತಾರೆ, ಲಾಡ್ಜಿನ ಖರ್ಚಿಲ್ಲ. ಮಂಟಪವೂ ಬೇಡ, ಭಾನುವಾರ ಖಾಲಿ ಇರುವ ಶಾಲೆಯ ಎರಡು ಕೋಣೆ ಸಾಕು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ದೊಡ್ಡವರಿಗೇ ತಲೆ ಓಡುವುದಿಲ್ಲ, ಹಾಗಾಗಿ ದಸರಾ ಮುಗಿದ ಮೇಲಿಂದ ಸಂಕ್ರಾಂತಿಯೊಳಗೆ ಇಟ್ಟುಕೊಂಡರೆ ಒಳ್ಳೆಯದು. ನಗದು ಬಹುಮಾನ ಇರದಿದ್ದರೂ ನಡೆದೀತು. ಉದ್ಘಾಟನಾ ಸಮಾರಂಭ ಮಾತ್ರ ಖಂಡಿತ ಬೇಡ.

ಅಣ್ಣನ ಮಗಳು ಈಗ ಕಾಲೇಜಿನಲ್ಲಿದ್ದಾಳೆ, ತನ್ನ ಆಟಗಳನ್ನೆಲ್ಲ ಬರೆದಿಡುತ್ತಾಳೆ. ಮಕ್ಕಳಿಗೆ ನಡೆ ಬರೆಯುವುದನ್ನು ಕಲಿಸಲು ಮೊದಲ ಎರಡು ಭಾನುವಾರ ತಾನೇ ಬರುವುದಾಗಿ ಹೇಳಿದ್ದಾಳೆ. ಸೇರ್ಪಡೆ ಸಮಯ ಕೊಡುವ ಡಿಜಿಟಲ್ ಗಡಿಯಾರ ಇರುವವರು, ಶಾಲೆಯ ಕೋಣೆ ಕೊಡಿಸಬಲ್ಲವರು, ಮುಖ್ಯವಾಗಿ ಮೂರು ತಾಸು ಬಾಯಿಮುಚ್ಚಿ ಕಾವಲು ನಿಲ್ಲಬಲ್ಲ ಒಬ್ಬ ಅರ್ಹ ನಿರ್ಣಾಯಕರು ಸಿಕ್ಕರೆ ಮುಂದಿನ ದಸರೆಯ ನಂತರ ಶುರು ಮಾಡಬಹುದು. ತಾಲ್ಲೂಕಿಗೆ ಐದು ಮಕ್ಕಳ ಹೆಸರು ಕೊಡುವ ಶಿಕ್ಷಕರು ನನಗೆ ಮೆಸೇಜ್ ಮಾಡಲಿ. ರೇಟಿಂಗ್ ಇದೆಯೋ ಇಲ್ಲವೋ ಎಂದು ನಾನು ಕೇಳುವುದಿಲ್ಲ.