ಗುಜರಿಗೆ ಹೋದ ಟೈಪ್‌ರೈಟರ್, ಒಡೆಯದ ಮನೆ

'ದಿ ವಾಲ್ಟನ್ಸ್' ಎಂದರೆ ಇಲ್ಲಿ ಅಮೆರಿಕದ ಹಿರಿಯರಿಗೆ ಈಗಲೂ ಕಣ್ಣು ತುಂಬಿ ಬರುತ್ತದೆ. 1972ರಿಂದ 1981ರವರೆಗೆ ಟಿವಿ ವಾಹಿನಿ ಸಿಬಿಎಸ್‌ನಲ್ಲಿ ಬಂದ ಧಾರಾವಾಹಿ. ವರ್ಜೀನಿಯಾದ ಗುಡ್ಡಗಾಡು, ಮೂವತ್ತರ ದಶಕದ ಆರ್ಥಿಕ ಕುಸಿತ, ಒಂದೇ ಸೂರಿನಡಿ ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಏಳು ಮಕ್ಕಳು. ಅಳಿಸುವ ಕಂತುಗಳಿಗೆ ಹೆಸರುವಾಸಿ. ನಾನು ಮಾತ್ರ ಮತ್ತೆ ಹಾಕಿಕೊಂಡು ನೋಡುವುದು ಮೊದಲ ವರ್ಷದ ಟೈಪ್‌ರೈಟರ್ ಕಂತನ್ನು.

ಹಿರಿಮಗ ಜಾನ್-ಬಾಯ್‌ಗೆ ಕಥೆ ಬರೆಯುವ ಹುಚ್ಚು. ಪತ್ರಿಕೆಗೆ ಕಳಿಸಲು ಕಥೆ ಟೈಪ್ ಆಗಬೇಕು. ಬಾಲ್ಡ್ವಿನ್ ಅಕ್ಕತಂಗಿಯರ ಮನೆಯಲ್ಲಿ ತೀರಿಹೋದ ಅಪ್ಪನ ಹಳೇ ಯಂತ್ರವಿದೆ. ಹೇಳದೆ ಕೇಳದೆ ಹೊತ್ತು ತರುತ್ತಾನೆ. ತಂಗಿ ಮೇರಿ ಎಲೆನ್‌ಗೆ ಅದರ ಬೆಲೆ ಏನು ಗೊತ್ತು? ಗುಜರಿಯವನಿಗೆ ಮಾರಿಯೇ ಬಿಡುತ್ತಾಳೆ!

ಈ ಬಾಲ್ಡ್ವಿನ್ ಅಕ್ಕತಂಗಿಯರದ್ದೇ ಒಂದು ರಗಳೆ. ಮದುವೆಯಾಗದ, ಬಲು ನಾಜೂಕಿನ ಮುದುಕಿಯರು. ಜಡ್ಜ್ ಆಗಿದ್ದ ಅಪ್ಪ ಹೇಳಿಕೊಟ್ಟ 'ರೆಸಿಪಿ' ಎಂದು ಭಕ್ತಿಯಿಂದ ಮಾಡಿ ಬಂದವರಿಗೆಲ್ಲ ಕೊಡುವುದು ಅಪ್ಪಟ ಕಳ್ಳಭಟ್ಟಿ. ಊರಿಗೆಲ್ಲ ಗೊತ್ತು. ವಾಲ್ಟನ್ ಮನೆಯ ಮಡಿವಂತ ಸೊಸೆ, ಜಾನ್-ಬಾಯ್ ಅಮ್ಮ ಒಲಿವಿಯಾಗೂ ಗೊತ್ತು. ಆದರೂ ಅಜ್ಜ ಆ ಕಡೆ ಹೆಜ್ಜೆ ಹಾಕಿದರೆ ಕ್ಷೇಮಸಮಾಚಾರ ವಿಚಾರಿಸಲಿಕ್ಕೇ ಹೊರಟ ಹಾಗೆ!

ನಮ್ಮ ಈಗಿನ ಧಾರಾವಾಹಿಯಲ್ಲಿ ಆ ಟೈಪ್‌ರೈಟರ್ ಕಾಣೆಯಾಗಿದ್ದರೆ? ಅತ್ತೆ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ, ಕ್ಯಾಮೆರಾ ಮೂರು ಸಲ ಅವಳ ಮುಖಕ್ಕೆ ಹಾರುತ್ತದೆ, ಗುಡುಗು. ಗುಟ್ಟು ಮೂರು ತಿಂಗಳು ಎಳೆದು ಕೊನೆಗೆ ಮನೆ ಇಬ್ಭಾಗ. ನಮ್ಮ ಮನೆಗಳು ಹಾಗಿಲ್ಲವಲ್ಲ! ಸಕ್ಕರೆ ಕಾಯಿಲೆಯ ತಾತ ಬೆಲ್ಲದ ಡಬ್ಬಿಗೆ ಕೈ ಹಾಕುವಾಗ ಅಜ್ಜಿಗೆ ಸರಿಯಾಗಿ ಅದೇ ಹೊತ್ತಿಗೆ ಹಿತ್ತಲಲ್ಲಿ ಕೆಲಸ ಬರುತ್ತದೆ.

ಇದನ್ನು ನೋಡಿ ಅವರ ಸಂಸ್ಕೃತಿ, ನಮ್ಮ ಸಂಸ್ಕೃತಿ ಅಂತ ಭಾಷಣ ಬಿಗಿಯುವವರು ಇಲ್ಲಿಯೂ ಇದ್ದಾರೆ. 1992ರಲ್ಲಿ ಅಧ್ಯಕ್ಷ ಬುಷ್ (ಅಪ್ಪ ಬುಷ್) ಅಮೆರಿಕದ ಸಂಸಾರಗಳು ಟಿವಿ ಕಾರ್ಟೂನಿನ ತರಲೆ ಸಂಸಾರ ಸಿಂಪ್ಸನ್ಸ್‌ಗಿಂತ ವಾಲ್ಟನ್ಸ್ ಥರ ಇರಲಿ ಅಂದರು. ನಾವೂ ವಾಲ್ಟನ್ಸ್ ಥರಾನೇ, ಆರ್ಥಿಕ ಕುಸಿತ ಮುಗಿಯಲಿ ಅಂತ ಬೇಡಿಕೊಳ್ತಿದ್ದೀವಿ ಎಂದು ಆ ಕಾರ್ಟೂನಿನ ಪೋರ ಬಾರ್ಟ್ ತಿರುಗಿಸಿ ಕೊಟ್ಟ. ಸರಿಯಾಗಿ ಬಿತ್ತು.

ನನ್ನ ಲೆಕ್ಕದಲ್ಲಿ ವ್ಯತ್ಯಾಸ ಇರುವುದು ವೇಳಾಪಟ್ಟಿಯಲ್ಲಿ. ವಾಲ್ಟನ್ಸ್ ವಾರಕ್ಕೊಂದು ಕಂತು. ಜಗಳ ಹುಟ್ಟಿದ ಗಂಟೆಯೊಳಗೆ ತೀರಲೇಬೇಕು, ದೀಪ ಆರಿಸಿ ಒಬ್ಬರಿಗೊಬ್ಬರು ಗುಡ್‌ನೈಟ್ ಕೂಗಲೇಬೇಕು. ದೂರದರ್ಶನದ ಕಾಲದಲ್ಲಿ ನಮ್ಮ 'ಸಿಹಿ ಕಹಿ'ಯೂ ನಗಿಸಿಯೇ ಚಂದ್ರು ಅವರ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡಿತು. ದಿನಾ ಸಂಜೆ ಅರ್ಧ ಗಂಟೆ ತುಂಬಿಸಬೇಕಾದಾಗ ಗುಟ್ಟನ್ನು ರಬ್ಬರಿನಂತೆ ಎಳೆಯದೆ ಬರಹಗಾರ ತಾನೇ ಏನು ಮಾಡಿಯಾನು? ಅವನಿಗೂ ವಾರಕ್ಕೊಂದೇ ಕಂತು ಬರೆಯುವ ಭಾಗ್ಯ ಸಿಕ್ಕರೆ, ಆ ಅತ್ತೆಯೂ ಬಾಗಿಲ ಮರೆಯಿಂದ ಈಚೆ ಬಂದು, ಕುರ್ಚಿ ಎಳೆದುಕೊಂಡು ಕೂತು ಮಾತಾಡಿಯಾಳು.