ಮಕ್ಕಳಿಗೆ ಹೊಡೆಯುವ ಹಕ್ಕು ಅಪ್ಪ-ಅಮ್ಮನಿಗೂ ಬೇಡ

ನಾನಿರುವುದು ಬ್ರಿಟನ್ನಿನ ವೇಲ್ಸ್‌ನಲ್ಲಿ. ಇಲ್ಲಿ 2022ರ ಮಾರ್ಚ್ 21ರಿಂದ ಅಪ್ಪ-ಅಮ್ಮ ಮಕ್ಕಳಿಗೆ ಹೊಡೆಯುವ ಹಾಗಿಲ್ಲ. ಸುಮ್ನೆ ಹೆದರಿಸೋಕೆ ಒಂದೇಟು ಹಾಕಿದೆ ಅಂದರೂ ತಪ್ಪೇ. ಸೆವೆರ್ನ್ ನದಿಯ ಸೇತುವೆ ದಾಟಿ ಇಂಗ್ಲೆಂಡಿಗೆ ಕಾಲಿಟ್ಟರೆ ಕಾನೂನೇ ಬೇರೆ. 'ಮಿತಿಯೊಳಗೆ ಶಿಕ್ಷೆ ಕೊಟ್ಟೆ' ಎಂದು ವಾದಿಸಲು ಅಲ್ಲಿ ಹೆತ್ತವರಿಗೆ ಇನ್ನೂ ಅವಕಾಶ ಇದೆ. ಊರಿಗೆ ಫೋನ್ ಮಾಡಿದಾಗ ಈ ವಿಷಯ ಎತ್ತಿದರೆ ಬರುವ ಮಾತು ಒಂದೇ: "ನಮ್ಮ ಮಕ್ಕಳನ್ನ ನಾವಲ್ದೆ ಇನ್ಯಾರು ತಿದ್ದಬೇಕು?" ತಿದ್ದಬೇಕು, ಖಂಡಿತ. ಆದರೆ ಅದಕ್ಕೆ ಕೈ ಎತ್ತಬೇಕಾಗಿಲ್ಲ. ನಾನು ಈ ನಿಷೇಧದ ಪರ.

ಮಿತಿ ಅಂದರೆ ಎಷ್ಟು? ಇಂಗ್ಲೆಂಡಿನ 2004ರ ಕಾನೂನಿನ ಪ್ರಕಾರ ಗಾಯವಾಗುವ ಹಾಗೆ ಹೊಡೆದರೆ ಆ ವಾದ ನಡೆಯುವುದಿಲ್ಲ. ಚರ್ಮ ಸ್ವಲ್ಪ ಹೊತ್ತು ಕೆಂಪಾಗಿ ಮಾಮೂಲಿಗೆ ಬಂದರೆ ವಾದಕ್ಕೆ ಜಾಗ ಉಂಟು. ಬಾಸುಂಡೆ ಎದ್ದರೆ ಇಲ್ಲ. ಇದನ್ನು ಓದಿದಾಗ ನನಗೆ ಮೊದಲು ಹೊಳೆದದ್ದು ನಮ್ಮ ಮಕ್ಕಳ ಮೈಬಣ್ಣ. ಕಪ್ಪು ಚರ್ಮದ ಮೇಲೆ ಕೆಂಪು ಎಲ್ಲಿ ಕಾಣುತ್ತೆ? ಬಿಳಿ ಮಗುವಿನ ತೊಡೆಯ ಮೇಲೆ ಐದು ಬೆರಳೂ ಮೂಡುವಂಥ ಏಟು ನಮ್ಮ ಮಗುವಿನ ಮೇಲೆ ಗುರುತೇ ಉಳಿಸದೆ ಹೋಗಬಹುದು. ನೋವು ಮಾತ್ರ ಇಬ್ಬರಿಗೂ ಅಷ್ಟೇ ಅಲ್ವಾ? ಒಬ್ಬ ದೊಡ್ಡವನು ಇನ್ನೊಬ್ಬ ದೊಡ್ಡವನಿಗೆ ಹೊಡೆದರೆ ಎಷ್ಟು ಕೆಂಪಾಯಿತು ಎಂದು ಯಾರೂ ಕೇಳುವುದಿಲ್ಲ. ಎಲ್ಲರಿಗಿಂತ ಚಿಕ್ಕ ಮೈಯನ್ನು ಮಾತ್ರ ಹೀಗೆ ಅಳತೆ ಹಾಕಿ ನೋಡುತ್ತೇವೆ.

ಈ ವಾದದ ಬೇರು 1860ರಲ್ಲಿದೆ. ಇಂಗ್ಲೆಂಡಿನಲ್ಲಿ ಹಾಪ್ಲಿ ಎಂಬ ಮೇಷ್ಟ್ರು ಒಬ್ಬ ಹುಡುಗನನ್ನು ಸಾಯುವ ಹಾಗೆ ಹೊಡೆದಿದ್ದ. ಅವನಿಗೆ ಶಿಕ್ಷೆಯಾಯಿತು. ಆದರೆ ಹೆತ್ತವರು, ಮೇಷ್ಟ್ರು ಮಿತಿಯೊಳಗೆ ಹೊಡೆಯಬಹುದು ಎಂಬ ಮಾತು ಅದೇ ತೀರ್ಪಿನಲ್ಲಿ ಗಟ್ಟಿಯಾಯಿತು. ನಮ್ಮ ಹಳೆಯ ದಂಡ ಸಂಹಿತೆ ಬಂದದ್ದೂ ಅದೇ ವರ್ಷ. 12ರೊಳಗಿನ ಮಗುವಿಗೆ ಪೋಷಕರು ಒಳ್ಳೆಯದಕ್ಕೆಂದು ಮಾಡಿದ್ದು ಅಪರಾಧವಲ್ಲ ಎಂದು ಅದರ 89ನೇ ಕಲಂ ಹೇಳುತ್ತಿತ್ತು. 'ದಂಡಂ ದಶಗುಣಂ' ಎಂದು ನಾವು ಮೊದಲಿನಿಂದ ಹೇಳಿಕೊಂಡು ಬಂದಿದ್ದೇವೆ ನಿಜ. ಅದಕ್ಕೆ ಸರ್ಕಾರಿ ಮುದ್ರೆ ಒತ್ತಿದ್ದು ಬ್ರಿಟಿಷರು. ಈಗ ವೇಲ್ಸ್, ಸ್ಕಾಟ್ಲೆಂಡ್ ಅದನ್ನು ಬಿಟ್ಟಿವೆ. ನಾವು ಅರ್ಧ ಬಿಟ್ಟಿದ್ದೇವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿತು. ಮನೆಗೆ ಅಂಥ ಸ್ಪಷ್ಟ ನಿಷೇಧ ಇಲ್ಲ. ಮೇಷ್ಟ್ರು ಹೊಡೆದರೆ ದೂರು ಕೊಡಲು ಹೋಗುವ ಅಪ್ಪ, ಸಂಜೆ ಅದೇ ಮಗುವಿನ ಕಪಾಳಕ್ಕೆ ಬಾರಿಸಿದರೆ ಕೇಳುವವರಿಲ್ಲ.

ಇಲ್ಲಿನ ಕನ್ನಡದ ಮನೆಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ಒಂದು ದೃಶ್ಯ ಇದೆ. ನಾಲ್ಕೈದು ಜನ ಸೇರಿರುತ್ತೇವೆ. ಮಗು ಹಟ ಹಿಡಿಯುತ್ತದೆ. ಅಪ್ಪನ ಕೈ ಮೇಲೇಳುತ್ತದೆ, ಕಣ್ಣು ಒಮ್ಮೆ ಕಿಟಕಿಯ ಕಡೆ ಹೋಗುತ್ತದೆ, ಕೈ ಕೆಳಗಿಳಿಯುತ್ತದೆ. ಆಮೇಲೆ ಹಲ್ಲು ಕಚ್ಚಿಕೊಂಡು, "ರಜಕ್ಕೆ ಊರಿಗೆ ಹೋಗ್ತೀವಲ್ಲ, ಅಲ್ಲಿದೆ ನಿಂಗೆ." ಮಗು ಅಲ್ಲಿಗೆ ಸುಮ್ಮನಾಗುತ್ತದೆ. ಇದು ನನ್ನ ಕರುಳು ಹಿಂಡುತ್ತದೆ. ಅಜ್ಜಿ-ತಾತನನ್ನು ನೋಡುವ ಖುಷಿಯಲ್ಲಿ ವಿಮಾನ ಹತ್ತಬೇಕಾದ ಮಗುವಿಗೆ ಊರು ಅಂದರೆ ಏಟು ಬೀಳುವ ಜಾಗ ಎಂದು ಹೇಳಿಕೊಟ್ಟ ಹಾಗಾಯಿತು. ಕಾನೂನು ಅಪ್ಪನ ಕೈಯನ್ನು ತಡೆದಿದೆ, ಅವನ ಮನಸ್ಸನ್ನು ಇನ್ನೂ ಮುಟ್ಟಿಲ್ಲ. ಕೈ ತಡೆದದ್ದೇನೂ ಸಣ್ಣ ವಿಷಯವಲ್ಲ, ಆ ಸಂಜೆ ಆ ಮಗುವಿಗೆ ಏಟು ತಪ್ಪಿತು.

"ನಾವೂ ಏಟು ತಿಂದೇ ಬೆಳೆದಿದ್ದು, ಏನಾಗಿದೆ ನಮಗೆ?" ಎನ್ನುವವರಿಗೆ ನನ್ನ ಉತ್ತರ ಇಷ್ಟೇ. ನಾವು ಚೆನ್ನಾಗಿ ಬೆಳೆದಿದ್ದರೆ ಅದಕ್ಕೆ ಅಪ್ಪ-ಅಮ್ಮನ ದುಡಿಮೆ, ಪ್ರೀತಿ, ತ್ಯಾಗ ಕಾರಣ. ಆ ಪುಣ್ಯವನ್ನು ಬೆತ್ತಕ್ಕೆ ಯಾಕೆ ಕೊಡಬೇಕು? ಅಮೆರಿಕದ ಸಂಶೋಧಕರಾದ ಎಲಿಜಬೆತ್ ಗರ್ಷಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 2016ರಲ್ಲಿ 75 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅವುಗಳಲ್ಲಿ ಸುಮಾರು 1.6 ಲಕ್ಷ ಮಕ್ಕಳ ಮಾಹಿತಿ ಇತ್ತು. ಏಟಿನಿಂದ ಮಕ್ಕಳು ಹೆಚ್ಚು ವಿಧೇಯರಾದರು ಎನ್ನಲು ಆಧಾರ ಸಿಗಲಿಲ್ಲ. ಜಾಸ್ತಿ ಏಟು ತಿಂದವರಲ್ಲಿ ಸಿಟ್ಟು, ಹಟ, ಮನಸ್ಸಿನ ತೊಂದರೆ ಜಾಸ್ತಿ ಕಂಡಿತು.

ಇನ್ನೊಂದು ಭಯ ನಮ್ಮವರಲ್ಲಿ ಆಳವಾಗಿದೆ. "ಮಗು ಸ್ಕೂಲಲ್ಲಿ ಬಾಯಿಬಿಟ್ಟರೆ ಮಗೂನೇ ಎತ್ಕೊಂಡು ಹೋಗ್ತಾರಂತೆ." ಪರದೇಶದಲ್ಲಿ, ಭಾಷೆ ಅರ್ಧಂಬರ್ಧ ಬರುವವರಿಗೆ ಈ ಹೆದರಿಕೆ ಎಷ್ಟಿರುತ್ತದೆ ಎಂದು ನನಗೆ ಗೊತ್ತು. ಅದನ್ನು ತಳ್ಳಿಹಾಕುವುದಿಲ್ಲ. ಆದರೆ ವೇಲ್ಸ್‌ನಲ್ಲಿ ಪೊಲೀಸರ ತನಕ ಹೋದ ಪ್ರಕರಣಕ್ಕೂ ಕೋರ್ಟಿನ ಬದಲು ಬೇರೆ ದಾರಿ ಇದೆ. ಮಗುವನ್ನು ಹೊಡೆಯದೆ ಸಂಭಾಳಿಸುವುದು ಹೇಗೆ ಎಂದು ಒಬ್ಬರು ಕೂತು ಹೇಳಿಕೊಡುತ್ತಾರೆ. ಇದರ ಸುದ್ದಿ ನಮ್ಮ ಮನೆಗಳಿಗೆ ಮುಟ್ಟಿಲ್ಲ, ಹೆದರಿಕೆ ಮಾತ್ರ ಮುಟ್ಟಿದೆ.

ಸ್ವೀಡನ್ ಈ ಕೆಲಸವನ್ನು ಚೆನ್ನಾಗಿ ಮಾಡಿತು. 1979ರಲ್ಲಿ ಜಗತ್ತಿನಲ್ಲೇ ಮೊದಲು ನಿಷೇಧ ತಂದ ದೇಶ ಅದು. ಆ ಕಾನೂನಿನಲ್ಲಿ ಪ್ರತ್ಯೇಕ ಶಿಕ್ಷೆಯನ್ನೇ ಇಡಲಿಲ್ಲ. ಹಾಲಿನ ಪೊಟ್ಟಣದ ಮೇಲೆ ವಿಷಯ ಅಚ್ಚು ಹಾಕಿಸಿದರು, ಮಕ್ಕಳಿದ್ದ ಮನೆಗಳಿಗೆ ಪುಸ್ತಿಕೆ ಕಳಿಸಿದರು. ಹೊರಗಿನಿಂದ ಬಂದು ನೆಲೆಸಿದವರಿಗೆ ಅವರವರ ಭಾಷೆಯಲ್ಲೂ ಕೊಟ್ಟರು.

ಕರ್ನಾಟಕದಲ್ಲೂ ಮನೆಯೊಳಗಿನ ಏಟಿಗೆ ನಿಷೇಧ ಬರಬೇಕು ಎಂದು ನಾನು ಬಯಸುತ್ತೇನೆ. ಆದರೆ ಅದು ಪೊಲೀಸರ ಕೈಯಿಂದ ಶುರುವಾಗಬಾರದು. ಆಗಲೇ ಮನೆಮನೆ ಹತ್ತುವ ಆಶಾ ಕಾರ್ಯಕರ್ತೆಯರಿದ್ದಾರೆ, ತಾಯಂದಿರನ್ನು ಹೆಸರು ಹಿಡಿದು ಕರೆಯುವ ಅಂಗನವಾಡಿ ಟೀಚರ್‌ಗಳಿದ್ದಾರೆ. ಲಸಿಕೆಯ ಮಾತಿನ ಜೊತೆಗೇ ಈ ಮಾತನ್ನೂ ಅವರು ಆಡಲಿ. ಅದಕ್ಕೆ ಅವರಿಗೆ ತರಬೇತಿ ಕೊಡಲಿ, ಸಂಬಳವನ್ನೂ ಹೆಚ್ಚಿಸಲಿ.