ಮುಸ್ತಫಾನಿಗೆ ಒಂದು ರೂಪಾಯಿ

ನಾಣ್ಯ ಹಾಕಿ ಆಡುವ ನನ್ನ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯನ್ನು ನೋಡಿ ಮನೆಗೆ ಬಂದವರು ಮೊದಲು ಕೇಳುವುದು ಇದನ್ನೇ: "ಇದರಲ್ಲಿ ಎಷ್ಟು ಗೇಮ್ ಇದೆ?"

"ಒಂದು" ಅನ್ನುತ್ತೇನೆ.

"ಒಂದೇನಾ?"

ಆಮೇಲೆ ಅವರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಫೋನ್ ಹೊರಗೆ ಬರುತ್ತದೆ. ಅದರಲ್ಲಿ ಎಷ್ಟು ಗೇಮ್ ಇವೆ ಎಂದು ಬೆರಳಾಡಿಸಿ ತೋರಿಸುತ್ತಾರೆ. ಎಲ್ಲವೂ ಫ್ರೀ ಅಂತೆ. ನಾನು ಚಹಾದ ನೆಪ ಹೇಳಿ ಒಳಗೆ ಹೋಗುತ್ತೇನೆ. ಊರಿನ ಗುಡಿಗೆ ಹೋಗಿ ಭಟ್ಟರ ಹತ್ತಿರ "ದೇವರು ಒಂದೇನಾ?" ಎಂದು ಯಾರೂ ಕೇಳುವುದಿಲ್ಲ, ಅಲ್ವಾ?

ಪೆಟ್ಟಿಗೆ ಸಿಕ್ಕಿದ್ದು ಅಂಕೋಲಾದಲ್ಲಿ. ಮುಚ್ಚಿದ ಒಂದು ಅಂಗಡಿಯ ಹಿಂದುಗಡೆ, ಗೊಬ್ಬರದ ಚೀಲಗಳ ನಡುವೆ. 90ರ ದಶಕದಲ್ಲಿ ಅದು ವಿಡಿಯೋ ಗೇಮ್ ಅಂಗಡಿ. ಶಾಲೆ ತಪ್ಪಿಸಿದವರನ್ನು ಹುಡುಕಿಕೊಂಡು ಮೇಷ್ಟ್ರು ಮೊದಲು ಬರುತ್ತಿದ್ದದ್ದೇ ಅಲ್ಲಿಗೆ. ಒಳಗಿರುವ ಆಟ ಮುಸ್ತಫಾ. ಅದಕ್ಕೆ ಕ್ಯಾಡಿಲಾಕ್ಸ್ ಆಂಡ್ ಡೈನೋಸಾರ್ಸ್ ಎಂಬ ಉದ್ದದ ಹೆಸರಿದೆ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಬಿಟ್ಟ ಆಟ. ಆ ಹೆಸರನ್ನು ನಮ್ಮ ಕಡೆ ಯಾರೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಆಡಲು ನಾಲ್ಕು ಪಾತ್ರಗಳಿದ್ದರೂ ಎಲ್ಲರಿಗೂ ಬೇಕಾದದ್ದು ಟೋಪಿಯ ಮುಸ್ತಫಾ. ಅವನು ಸಿಗದವರು ಹ್ಯಾನಾಳನ್ನು ಆರಿಸಿಕೊಂಡು, ಮುಖ ಊದಿಸಿಕೊಂಡು ಆಡುತ್ತಿದ್ದರು.

ಅದನ್ನು ಟೆಂಪೋದಲ್ಲಿ ಹಾಕಿಕೊಂಡು ಕೋಡಿಬಾಗದ ನಮ್ಮ ಮನೆಗೆ ತಂದೆ. ಕಾರವಾರದಲ್ಲಿ ಕಬ್ಬಿಣಕ್ಕೆ ಆಯಸ್ಸು ಕಡಿಮೆ. ಕಿಟಕಿಯ ಸರಳು, ಗೇಟಿನ ಬಿಜಾಗರಿ, ಸ್ಕೂಟರಿನ ಸೈಲೆನ್ಸರ್, ಎಲ್ಲದರಲ್ಲೂ ಸಮುದ್ರದ ಗಾಳಿಗೆ ಪಾಲು ಕೊಡಬೇಕು. ಬೀಚಿನಲ್ಲಿ ಮ್ಯೂಸಿಯಂ ಆಗಿ ನಿಂತ ಚಾಪಲ್ ಯುದ್ಧನೌಕೆಯನ್ನು ನೆಂಟರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತೇವೆ. ಅದಕ್ಕೆ ತುಕ್ಕು ಹಿಡಿದರೆ "ಅಯ್ಯೋ, ಬಣ್ಣ ಹೊಡೆಯಬೇಕಿತ್ತು" ಅನ್ನುತ್ತಾರೆ. ನನ್ನ ಪೆಟ್ಟಿಗೆಗೆ ತುಕ್ಕು ಹಿಡಿದರೆ "ಗುಜರಿಗೆ ಹಾಕು" ಅನ್ನುತ್ತಾರೆ. ಅದೇ ತುಕ್ಕು, ಅದೇ ಸಮುದ್ರ.

ಪೆಟ್ಟಿಗೆಯ ತಳವನ್ನು ಗೆದ್ದಲು ತಿಂದಿತ್ತು. ಬಡಗಿ ಬಂದು ಹಲಸಿನ ಹಲಗೆ ಹಾಕಿಕೊಟ್ಟ. ಕೆಲಸ ಮುಗಿಯುವವರೆಗೂ ಅವನು ಇದು ದೇವರ ಮಂಟಪ ಎಂದೇ ತಿಳಿದಿದ್ದ. ನಾನೂ ತಿದ್ದಲಿಲ್ಲ, ಕೆಲಸ ಚೆನ್ನಾಗಿ ಆಗುತ್ತಿತ್ತು. ಬೋರ್ಡಿನದು, ಅಂದರೆ ಆಟ ತುಂಬಿದ ಸರ್ಕ್ಯೂಟ್ ಹಲಗೆಯದು, ಅಷ್ಟೇನೂ ಕಷ್ಟವಾಗಲಿಲ್ಲ. 1985ರಲ್ಲಿ ಜಪಾನಿನ ಆಟದ ಯಂತ್ರ ತಯಾರಕರ ಸಂಘ ಬೋರ್ಡನ್ನು ಪೆಟ್ಟಿಗೆಯ ತಂತಿಗಳಿಗೆ ಸಿಕ್ಕಿಸಲು ಜಾಮಾ ಅನ್ನುವ ಒಂದು ಜೋಡಣೆಯನ್ನು ಗೊತ್ತು ಮಾಡಿತ್ತು. ಒಂದು ಮಗ್ಗುಲಿಗೆ 28, ಇನ್ನೊಂದು ಮಗ್ಗುಲಿಗೆ 28, ಒಟ್ಟು 56 ತಾಮ್ರದ ಪಟ್ಟಿ. ನನ್ನದರಲ್ಲಿ ಅವೆಲ್ಲ ಹಸಿರುಗಟ್ಟಿದ್ದವು. ಶಾಲೆ ಮಕ್ಕಳ ರಬ್ಬರ್ ತಂದು ಉಜ್ಜಿದೆ, ಹೊಳೆದವು. ಐದು ರೂಪಾಯಿಯ ರಬ್ಬರ್. ರಿಪೇರಿಯಲ್ಲಿ ಇದಕ್ಕಿಂತ ಅಗ್ಗದ ಸಂತೋಷ ನನಗೆ ಮತ್ತೆ ಸಿಗಲಿಲ್ಲ.

ಪಿಕ್ಚರ್ ಟ್ಯೂಬಿನದು ಹಾಗಲ್ಲ. ಚಿತ್ರದ ಮೇಲ್ಭಾಗ ಒಂದು ಕಡೆ ವಾಲುತ್ತಿತ್ತು. ಕೆಪಾಸಿಟರ್‌ಗಳು ಒಣಗಿವೆ ಎಂದು ಪೇಟೆಯ ಹಳೆಯ ಟಿವಿ ಮೆಕ್ಯಾನಿಕ್ ಒಬ್ಬರು ದೂರದಿಂದಲೇ ಹೇಳಿದರು. ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ನೇತಾಡುತ್ತವೆ. ಆದರೂ ನಮ್ಮ ಮನೆಗೆ ಬಂದು ಪೆಟ್ಟಿಗೆಯ ಹಿಂಬಾಗಿಲು ತೆಗೆದ ಕೂಡಲೇ ಅವರ ಎಡಗೈ ಪ್ಯಾಂಟಿನ ಜೇಬಿಗೆ ಹೋಯಿತು. ಟ್ಯೂಬಿನೊಳಗೆ 20 ಸಾವಿರ ವೋಲ್ಟ್‌ಗೂ ಮಿಕ್ಕಿ ಇರುತ್ತದೆ, ಸ್ವಿಚ್ ತೆಗೆದ ಮೇಲೂ ಸುಮಾರು ಹೊತ್ತು ಉಳಿಯುತ್ತದೆ. ಎರಡೂ ಕೈ ಒಳಗಿಟ್ಟರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕ ಹಾಯುತ್ತದೆ. ಅದಕ್ಕೇ ಒಂದು ಕೈ ಜೇಬಲ್ಲಿ. ಸ್ಕ್ರೂಡ್ರೈವರಿಗೆ ತಂತಿ ಕಟ್ಟಿ, ತಂತಿಯ ತುದಿಯನ್ನು ಟ್ಯೂಬಿನ ಲೋಹದ ಚೌಕಟ್ಟಿಗೆ ಸಿಕ್ಕಿಸಿ, ಟ್ಯೂಬಿನ ಮೇಲಿರುವ ರಬ್ಬರ್ ಟೋಪಿಯ ಅಡಿಗೆ ಸ್ಕ್ರೂಡ್ರೈವರನ್ನು ತೂರಿಸಿದರು. ಚಟ್ ಅಂದಿತು. "ಈಗ ಮುಟ್ಟಬಹುದು" ಅಂದರು. ಆ ಎಡಗೈ ಮಾತ್ರ ಮತ್ತೂ ಸ್ವಲ್ಪ ಹೊತ್ತು ಜೇಬಿನಲ್ಲೇ ಇತ್ತು.

ಸಲಹೆಗಾರರ ಕಾಟ ಶುರುವಾಗುವುದು ಇಲ್ಲೇ. "ಆ ಟ್ಯೂಬ್ ಬಿಸಾಕಿ. ಒಂದು ಎಲ್‌ಇಡಿ ಟಿವಿ ಕೂರಿಸಿ. ಒಳಗೊಂದು ಚಿಕ್ಕ ಕಂಪ್ಯೂಟರ್ ಇಟ್ಟರೆ ಸಾವಿರ ಗೇಮ್ ಬರುತ್ತೆ." ಮತ್ತೆ ಅದೇ ಗೇಮಿನ ಲೆಕ್ಕ! ಈ ಆಟದ ಚಿತ್ರವೆಂದರೆ ಅಡ್ಡಕ್ಕೆ 384, ಉದ್ದಕ್ಕೆ 224 ಚುಕ್ಕಿ, ಅಷ್ಟೇ. ಬರೆದವರು ಟ್ಯೂಬಿನ ಮಸುಕನ್ನು ಲೆಕ್ಕಕ್ಕೆ ಹಿಡಿದೇ ಬರೆದಿದ್ದಾರೆ. ಚಪ್ಪಟೆ ಟಿವಿಯಲ್ಲಿ ಮುಸ್ತಫಾನ ಮೂಗು ಚೌಕವಾಗಿ ಕಾಣುತ್ತದೆ. ಇದನ್ನು ಹೇಳಿದರೆ "ಯಾರು ಮೂಗು ನೋಡ್ತಾರೆ ಮಾರಾಯ್ರೆ" ಅನ್ನುತ್ತಾರೆ. ನಾನು ನೋಡುತ್ತೇನೆ. ಗೋಕರ್ಣದ ಒಂದು ಹೋಮ್‌ಸ್ಟೇಯವರು ಬಂದು ಪೆಟ್ಟಿಗೆಗೆ ಬೆಲೆ ಕೇಳಿದರು. ರಿಸೆಪ್ಶನ್‌ನಲ್ಲಿ ಇಟ್ಟು ಮೇಲೊಂದು ಮನಿಪ್ಲಾಂಟ್ ಇಡುತ್ತಾರಂತೆ. ಆಟ ನಡೆಯದಿದ್ದರೂ ಅಡ್ಡಿಯಿಲ್ಲವಂತೆ. ಅವರಿಗೆ ಚಹಾ ಕೂಡ ಕೊಡಲಿಲ್ಲ.

ಇಷ್ಟೆಲ್ಲ ಯಾಕೆ ಮಾಡುತ್ತೀರಿ ಎಂದು ಕೇಳುವವರಿಗೆ ನನ್ನ ಹತ್ತಿರ ಸರಿಯಾದ ಉತ್ತರ ಒಂದಿದೆ. ಹೇಳುತ್ತೇನೆ. ಅದಕ್ಕೆ ಮೊದಲು ನಾಣ್ಯದ ವಿಷಯ ಮುಗಿಸಿಬಿಡುತ್ತೇನೆ. ಚಿಕ್ಕದು.

ಬೋರ್ಡ್ ಸರಿಯಾಯಿತು, ಟ್ಯೂಬ್ ಸರಿಯಾಯಿತು, ಪರದೆಯ ಮೇಲೆ ನಾಣ್ಯ ಹಾಕಿ ಎಂದು ಬಂತು. ಹಾಕಿದೆ. ಬೀಳಲಿಲ್ಲ. ಒಳಗೆ ಎಲ್ಲೋ ನಿಂತುಬಿಟ್ಟಿತು. ವಾಪಸ್ ಗುಂಡಿ ಒತ್ತಿದರೆ ಟಣ್ ಎಂದು ಕೈಗೆ ಬಂತು. ಇನ್ನೊಂದು ಹಾಕಿದೆ, ಅದೂ ಹಾಗೇ. ಬಿಚ್ಚಿ ನೋಡಿದಾಗ ಗೊತ್ತಾಯಿತು, ಆ ನಾಣ್ಯದ ಬಾಗಿಲಿನ ಹಿಂದೆ ಕೂತವನು ಸಾಮಾನ್ಯನಲ್ಲ. ನಾಣ್ಯ ದೊಡ್ಡದಾದರೆ ಸಂದಿಯಲ್ಲೇ ತಡೆಯುತ್ತಾನೆ. ಚಿಕ್ಕದಾದರೆ ಕೆಳಗೆ ಬೀಳಿಸುತ್ತಾನೆ. ಆಮೇಲೆ ಒಂದು ಪುಟ್ಟ ತೊಟ್ಟಿಲಲ್ಲಿ ಕೂರಿಸಿ ತೂಗುತ್ತಾನೆ. ತೂಕ ಸರಿಯಿದ್ದರೆ ಅಯಸ್ಕಾಂತದ ಎದುರು ಉರುಳಿಸುತ್ತಾನೆ. ಕಬ್ಬಿಣದ ಜಾತಿಯಾದರೆ ಅಲ್ಲೇ ಅಂಟಿಕೊಂಡಿತು. ಬೇರೆ ಲೋಹವಾದರೆ ಅಂಟುವುದಿಲ್ಲ, ಆದರೆ ಆ ಎಳೆತಕ್ಕೆ ಸ್ವಲ್ಪ ನಿಧಾನವಾಗುತ್ತದೆ. ಎಷ್ಟು ನಿಧಾನ ಅನ್ನುವುದು ಲೋಹದಿಂದ ಲೋಹಕ್ಕೆ ಬೇರೆ. ಸರಿಯಾದ ವೇಗದಲ್ಲಿ ಬಂದದ್ದು ಸರಿಯಾದ ಜಾಗದಲ್ಲಿ ಬೀಳುತ್ತದೆ. ಉಳಿದದ್ದೆಲ್ಲ ವಾಪಸ್. ಇದಕ್ಕೆ ಕರೆಂಟಿಲ್ಲ, ಸಾಫ್ಟ್‌ವೇರ್ ಇಲ್ಲ, ಅಪ್‌ಡೇಟ್ ಇಲ್ಲ. ಬ್ಯಾಂಕಿನ ಕೌಂಟರಿನಲ್ಲೂ ನನ್ನ ರೂಪಾಯಿಯನ್ನು ಇಷ್ಟು ಶ್ರದ್ಧೆಯಿಂದ ಯಾರೂ ನೋಡಿಲ್ಲ.

ತೊಂದರೆ ಏನೆಂದರೆ ಇವನನ್ನು ಹೊಂದಿಸಿದ್ದು 80ರ ದಶಕದ ರೂಪಾಯಿಗೆ. ಅದು 6 ಗ್ರಾಂ ತೂಕದ್ದು, ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್. 1992ರಿಂದ ಸ್ಟೇನ್‌ಲೆಸ್ ಸ್ಟೀಲಿನ ರೂಪಾಯಿ ಬಂತು. ಹಗುರ, ಮೇಲಾಗಿ ಅಯಸ್ಕಾಂತಕ್ಕೆ ಅಂಟುವ ಜಾತಿಯ ಸ್ಟೀಲು. ಈಗಿನದಂತೂ ಇನ್ನೂ ಚಿಕ್ಕದು, ತೊಟ್ಟಿಲವರೆಗೂ ಹೋಗುವುದಿಲ್ಲ. ಹಾಗಾದರೆ 90ರ ದಶಕದಲ್ಲಿ ಅಂಗಡಿಯವರು ಏನು ಮಾಡುತ್ತಿದ್ದರು? ಅವರನ್ನೇ ಕೇಳಿದೆ. ಹಳೆಯ ನಾಣ್ಯಗಳದ್ದೊಂದು ಡಬ್ಬಿ ಇಟ್ಟುಕೊಂಡಿದ್ದರಂತೆ. ಹುಡುಗ ಸ್ಟೀಲಿನ ರೂಪಾಯಿ ಕೊಟ್ಟರೆ ಇವರು ಹಳೆಯ ರೂಪಾಯಿ ಕೊಡುವುದು. ರಾತ್ರಿ ಪೆಟ್ಟಿಗೆ ತೆಗೆದು ಅವನ್ನೇ ಮತ್ತೆ ಡಬ್ಬಿಗೆ ತುಂಬುವುದು. ಹುಡುಗರು ಮನೆಯಿಂದ ಗ್ಯಾಸ್ ಲೈಟರ್ ಕದ್ದು ತಂದು ನಾಣ್ಯದ ಬಾಗಿಲಿಗೆ ಟಿಕ್ ಎನ್ನಿಸಿ, ಆ ಕಿಡಿಗೆ ಬೋರ್ಡನ್ನು ಬೆಚ್ಚಿಬೀಳಿಸಿ ಬಿಟ್ಟಿ ಆಟ ಗಿಟ್ಟಿಸುತ್ತಿದ್ದ ಕತೆಯನ್ನೂ ಹೇಳಿದರು. ಅವರ ಸಿಟ್ಟು ಇನ್ನೂ ಆರಿಲ್ಲ. ಡಬ್ಬಿ ಎಲ್ಲಿ ಅಂದರೆ ನೆನಪಿಲ್ಲ. ಯಾವ ಹುಡುಗ ಲೈಟರ್ ತರುತ್ತಿದ್ದ ಅನ್ನುವುದು ಮಾತ್ರ ಹೆಸರು ಸಮೇತ ನೆನಪಿದೆ. ಅವನೀಗ ಗೋವಾದಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ.

ಹಳೆಯ ರೂಪಾಯಿ ಇರಲಿ, ರೂಪಾಯಿಯೇ ಈಗ ಎಲ್ಲಿದೆ? ಮೀನು ಪೇಟೆಯಲ್ಲಿ ಬಂಗಡೆಯ ಬುಟ್ಟಿಗೆ ಕ್ಯೂಆರ್ ಕೋಡ್ ಒರಗಿಸಿಟ್ಟಿದ್ದಾರೆ. ಕಿರಾಣಿ ಅಂಗಡಿಯಲ್ಲಿ ಚಿಲ್ಲರೆ ಕೇಳಿದರೆ ಚಾಕಲೇಟ್ ಕೊಡುತ್ತಾರೆ. ಅದೇ ಚಾಕಲೇಟನ್ನು ನಾನು ವಾಪಸ್ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಒಂದು ರೂಪಾಯಿಗೆ ಇನ್ನೂ ಮರ್ಯಾದೆ ಉಳಿದಿರುವುದು ಮದುವೆಯ ಉಡುಗೊರೆ ಲಕೋಟೆಯ ಮೇಲೆ. ಅಲ್ಲಿ ಅದನ್ನು ಗೋಂದು ಹಾಕಿ ಅಂಟಿಸಿರುತ್ತಾರೆ, ಎಲ್ಲಿ ಓಡಿಹೋಗುತ್ತದೋ ಎಂಬ ಭಯಕ್ಕೆ ಇರಬೇಕು. ಒಂದನ್ನು ಕಿತ್ತು ನೋಡಿದೆ. ಹೊಸದು.

"ಸುಮ್ನೆ ಒಂದು ಸ್ವಿಚ್ ಹಾಕಿಬಿಡಿ, ಒತ್ತಿದರೆ ಆಟ ಶುರು" ಎಂದು ಮೆಕ್ಯಾನಿಕ್ಕರೇ ಹೇಳಿದರು. ಎರಡು ತಂತಿಯ ಕೆಲಸ. ನನಗೆ ಬೇಡ. ನಾಣ್ಯ ಹಾಕದೆ ಆಡಿದವನಿಗೆ ಸೋಲು ಅಂದರೇನು? ಇನ್ನೊಂದು ಸಲ ಒತ್ತುತ್ತಾನೆ.

ಹಳೆಯ ರೂಪಾಯಿ ಶಿರಸಿಯ ನಮ್ಮ ದೊಡ್ಡಮ್ಮನ ಹತ್ತಿರ ಇತ್ತು. ಹಾರ್ಲಿಕ್ಸ್ ಬಾಟಲಿಯ ತಳದಲ್ಲಿ, ಅರಿಸಿನ ಹತ್ತಿದ ನಾಲ್ಕು ನಾಣ್ಯ. ಒಂದಕ್ಕೆ ಹತ್ತು ರೂಪಾಯಿ ಕೊಡುತ್ತೇನೆ ಅಂದೆ. ದೊಡ್ಡಮ್ಮ ಬಾಟಲಿಯನ್ನು ಮಡಿಲಿಗೆ ಎಳೆದುಕೊಂಡಳು.

"ಇದಕ್ಕೆ ಲಕ್ಷ ಬತ್ತಡ."

ವಾಟ್ಸಾಪಿನಲ್ಲಿ ಬಂದಿದೆಯಂತೆ. ಹಳೆಯ ರೂಪಾಯಿ ಇದ್ದವರು ಈ ನಂಬರಿಗೆ ಫೋನ್ ಮಾಡಿ, ರಿಸರ್ವ್ ಬ್ಯಾಂಕಿನವರೇ ಕೊಳ್ಳುತ್ತಾರೆ ಅಂತೆಲ್ಲ. 2021ರಲ್ಲೇ ರಿಸರ್ವ್ ಬ್ಯಾಂಕು ಇದೆಲ್ಲ ಮೋಸ, ನಮ್ಮ ಹೆಸರು ಹೇಳಿ ಬಂದವರನ್ನು ನಂಬಬೇಡಿ ಎಂದು ಪ್ರಕಟಣೆ ಕೊಟ್ಟಿದೆ ಎಂದು ಬಿಡಿಸಿ ಹೇಳಿದೆ. ದೊಡ್ಡಮ್ಮ ಎಲ್ಲ ಕೇಳಿಸಿಕೊಂಡಳು. "ಮತ್ತೆ ನೀನು ಯಾಕೆ ಶಿರಸಿವರೆಗೂ ಬಂದೆ?" ಅಂದಳು. ಒಂದು ರೂಪಾಯಿಗಾಗಿ ಯಾರಾದರೂ ದೇವಿಮನೆ ಘಟ್ಟ ಹತ್ತಿ ಬರುತ್ತಾರಾ? ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, ಅಪ್ಪೆಹುಳಿ ಬಡಿಸುತ್ತಾ, ಯಾವ ಪಾರ್ಟಿ ಸಿಕ್ಕಿದೆ, ಎಷ್ಟಕ್ಕೆ ಮಾತಾಗಿದೆ ಎಂದು ಮೆಲ್ಲಗೆ ಕೇಳಿದಳು. ಪಾರ್ಟಿ ಇಲ್ಲ, ಮುಸ್ತಫಾ ಎಂದೆ. ಸಾಬರ ಪಾರ್ಟಿಯಾದರೆ ಮಾತಿಗೆ ತಪ್ಪುವುದಿಲ್ಲ, ವ್ಯಾಪಾರ ಮಾಡು ಅಂದಳು.

ಕೊನೆಗೆ ಒಪ್ಪಂದವಾಯಿತು. ನಾಣ್ಯ ಕೊಡುವುದಿಲ್ಲ, ಆದರೆ ಅವುಗಳ ಜೊತೆ ತಾನೂ ಕಾರವಾರಕ್ಕೆ ಬರುತ್ತಾಳೆ. ಆಡಿಸಿ ನೋಡಿ ವಾಪಸ್ ಕೊಡಬೇಕು. ಬಸ್ಸಿನಲ್ಲಿ ಕುಮಟಾ ದಾಟುವವರೆಗೂ ಸೆರಗಿನ ಗಂಟನ್ನು ಹಿಡಿದೇ ಕೂತಿದ್ದಳು.

ಅಂದು ಸಂಜೆ ಮೊದಲ ನಾಣ್ಯ ಹಾಕಿದೆ. ತೊಟ್ಟಿಲು ತೂಗಿತು, ನಾಣ್ಯ ಅಯಸ್ಕಾಂತವನ್ನು ದಾಟಿತು, ಠಳ್ ಎಂದು ಕೆಳಗೆ ಬಿತ್ತು. ಪರದೆಯ ಮೇಲೆ ಕ್ರೆಡಿಟ್ ಒಂದು. ದೊಡ್ಡಮ್ಮ "ಸತ್ಯದ ಯಂತ್ರ" ಅಂದಳು. ಆ ಹುಮ್ಮಸ್ಸಿನಲ್ಲಿ ಉಳಿದ ಮೂರನ್ನೂ ಅವಳ ಕೈಯಿಂದಲೇ ಹಾಕಿಸಿದೆ. ಮುಸ್ತಫಾ ಓಡಿ ಬಂದು ಒದ್ದ, ಜನ ಬಿದ್ದರು, ಡೈನೋಸಾರ್ ಬಂತು. ಎರಡನೇ ಆಟಗಾರನ ಜಿಗಿಯುವ ಗುಂಡಿ ಕೆಲಸ ಮಾಡಲಿಲ್ಲ, ಮೈಕ್ರೋಸ್ವಿಚ್ ಬದಲಿಸಬೇಕು. ದೊಡ್ಡಮ್ಮನ ಹ್ಯಾನಾ ನೆಲದ ಮೇಲೆಯೇ ನಡೆದು ನಡೆದು ಸತ್ತಳು. ಅದಕ್ಕೇನೂ ಅವಳಿಗೆ ಬೇಸರವಿರಲಿಲ್ಲ.

"ನನ್ನ ನಾಣ್ಯ?"

ಹಾಂ, ಆ ಉತ್ತರ ಹೇಳುವವನಿದ್ದೆ, ಇಷ್ಟೆಲ್ಲ ಯಾಕೆ ಎಂದು. ತಾಳಿ, ಕ್ಯಾಶ್ ಬಾಕ್ಸಿನದೊಂದು ಬಾಕಿ ಇದೆ. ನಾಣ್ಯ ಹೋಗಿ ಬೀಳುವುದು ಪೆಟ್ಟಿಗೆಯ ಹೊಟ್ಟೆಯಲ್ಲಿರುವ ದಪ್ಪ ತಗಡಿನ ಡಬ್ಬಿಗೆ. ಅಂಗಡಿಯವರು ಕೊಟ್ಟ ಕೀಲಿ ಅದರ ಬೀಗದೊಳಗೆ ಅರ್ಧ ತಿರುಗಿತು. ಆಮೇಲೆ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ತೆಂಗಿನೆಣ್ಣೆ ಬಿಟ್ಟಾಯಿತು, ಸೀಮೆಎಣ್ಣೆ ಬಿಟ್ಟಾಯಿತು. ದೊಡ್ಡಮ್ಮ ಒಂದು ಕುರ್ಚಿ ತಂದು ಪೆಟ್ಟಿಗೆಯ ಪಕ್ಕದಲ್ಲೇ ಹಾಕಿಕೊಂಡಳು.

ಬೀಗ ರಿಪೇರಿಯವನು ಬಂದ. ಟಾರ್ಚ್ ಬಿಟ್ಟು ನೋಡಿದ. ಉಪ್ಪು ಗಾಳಿ, ಒಳಗೆಲ್ಲ ತುಕ್ಕು, ಕೊರೆಯಬೇಕು ಅಂದ.

"ಒಳಗೆ ಎಷ್ಟಿದೆ?" ಎಂದು ಕೇಳಿದ.

"ನಾಲ್ಕು ರೂಪಾಯಿ" ಅಂದೆ.

ನನ್ನ ಮುಖ ನೋಡಿದ. ಕೊರೆಯಲು 600 ಆಗುತ್ತದೆ, ಬೀಗ ಬೇರೆ ಅಂದ. ನಾನು ಚೌಕಾಸಿಗೆ ಬಾಯಿ ತೆರೆಯುವುದರೊಳಗೆ ದೊಡ್ಡಮ್ಮ ಕುರ್ಚಿಯಿಂದಲೇ ಹೇಳಿದಳು:

"ಕೊಡೋ. ನಾಲ್ಕು ಲಕ್ಷದಲ್ಲಿ ಆರುನೂರು ಯಾವ ಲೆಕ್ಕ?"

ಬೀಗದವನು ಸಾವಿರಕ್ಕೆ ಏರಿಸಿದ.